ಇಲ್ಲಿ ಬೆಳ್ಳಗೆ ಮಾಡುವುದಿಲ್ಲ

ಹುಣಸೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ರಸಗೊಬ್ಬರದ ಅಂಗಡಿಯ ಪಕ್ಕಕ್ಕೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಷ್ಟು ಇಕ್ಕಟ್ಟಾದ ಮೆಟ್ಟಿಲಿದೆ. ಮೆಟ್ಟಿಲು ಮುಗಿಯುವಲ್ಲಿ ಗಾಜಿನ ಬಾಗಿಲು, ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು: ‘ಇಲ್ಲಿ ಬೆಳ್ಳಗೆ ಮಾಡುವುದಿಲ್ಲ.’ ಅದರ ಕೆಳಗೆ ಸಣ್ಣದಾಗಿ, ‘ನೀಲಾಂಬಿಕೆ ಬ್ಯೂಟಿ ಪಾರ್ಲರ್, ಹೆಂಗಸರಿಗೆ ಮಾತ್ರ.’ ಬರೆಯಲು ಬಂದ ಪೇಂಟರ್ ಕುಂಚ ಎತ್ತಿಕೊಂಡು, ಅಕ್ಕ, ಕೊನೆಯ ‘ಇಲ್ಲ’ ಬೇಕೇ ಬೇಕಾ ಎಂದು ಕೇಳಿದನಂತೆ. ಅದನ್ನೇ ಇನ್ನೂ ದಪ್ಪಗೆ ಬರಿ ಎಂದಳಂತೆ ನೀಲಕ್ಕ.

ಮೊದಲು ಅಲ್ಲಿ ಬೇರೆ ಬೋರ್ಡಿತ್ತು. ಕ್ರೀಮಿನ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಅದರಲ್ಲೊಬ್ಬಳು ಹುಡುಗಿ, ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬಿಳಿ, ಕೆನ್ನೆಗೆ ಬೆರಳಿಟ್ಟು ನಗುತ್ತಿದ್ದಳು. ಅವಳನ್ನು ಕೆಳಗಿಳಿಸಿದವಳು ನೀಲಕ್ಕನೇ. ಯಾಕೆ ಇಳಿಸಿದಳು ಎಂಬುದಕ್ಕೆ ಅರ್ಧದಷ್ಟು ನಾನು ಕಣ್ಣಾರೆ ಸಾಕ್ಷಿ.

ನೀಲಕ್ಕ ಕಪ್ಪು. ಮಾಗಿದ ನೇರಳೆಯ ಕಪ್ಪು. ಹೊಸಬರು ಒಳಗೆ ಬಂದು, ಅವಳ ಕೈಯಲ್ಲಿರುವ ಟವೆಲ್ ನೋಡಿ, ಮೇಡಂ ಇಲ್ವಾ ಎಂದು ಅವಳನ್ನೇ ಕೇಳುತ್ತಾರೆ. ಊಟಕ್ಕೆ ಹೋಗವ್ರೆ ಕೂತ್ಕಳ್ಳಿ ಎಂದು ಹೇಳಿ ಅವಳು ಕೆಲಸ ಶುರು ಮಾಡುತ್ತಾಳೆ. ಎಲ್ಲ ಮುಗಿದು ಅವರು ಕನ್ನಡಿಯಲ್ಲಿ ತಮ್ಮನ್ನು ಮೆಚ್ಚಿಕೊಳ್ಳುತ್ತಿರುವಾಗ, ಮೇಡಂ ಊಟ ಆಯ್ತು ನೋಡಿ ಎನ್ನುತ್ತಾಳೆ. ನಗುವವರು ನಗುತ್ತಾರೆ. ಅವಳು ನಗುವುದಿಲ್ಲ.

ಅವಳ ಅಪ್ಪ ಶಿವನಂಜಪ್ಪನವರದು ಪಿರಿಯಾಪಟ್ಟಣದಲ್ಲಿ ಜನರಲ್ ಸ್ಟೋರ್. ಬೆಲ್ಲ, ಬತ್ತಿ, ಹಗ್ಗದ ಜೊತೆಗೆ ಪೌಡರು, ಸ್ನೋ, ಕಾಡಿಗೆಯ ಡಬ್ಬಿಗಳನ್ನೂ ಗಾಜಿನ ಕಪಾಟಿನಲ್ಲಿ ಜೋಡಿಸಿಡುತ್ತಿದ್ದರು. ಆ ಕಪಾಟಿನ ಮುಂದೆ ಕೂರುವ ಕೆಲಸ ತಂಗಿ ಬೃಂದಾಳಿಗೆ. ನೀಲಕ್ಕ ಹಿಂದಿನ ಕತ್ತಲೆ ಕೋಣೆಯಲ್ಲಿ ಬೆಲ್ಲ ಒಡೆಯಬೇಕಿತ್ತು. ಒಮ್ಮೆ ತಾನೂ ಮುಂದೆ ಕೂರುತ್ತೇನೆ ಎಂದಾಗ ಅಪ್ಪ ನಕ್ಕು, ನೀನು ಸ್ನೋ ಡಬ್ಬಿ ಹಿಡ್ಕಂಡು ನಿಂತ್ರೆ ಯಾರವ್ವ ತಗಂತಾರೆ ಎಂದರು. ಕೆಟ್ಟ ಮನುಷ್ಯರಲ್ಲ. ಅವಳಿಗೆ ಜ್ವರ ಬಂದರೆ ರಾತ್ರಿಯಿಡೀ ತಲೆಯ ಹತ್ತಿರ ಕೂರುತ್ತಿದ್ದವರು. ಗಿರಾಕಿಯ ಮುಂದೆ ಹೇಳಿ, ಗಿರಾಕಿಯ ಜೊತೆ ನಕ್ಕರು, ಅಷ್ಟೆ. ಆಮೇಲೆ ಅವಳನ್ನು ನೋಡಲು ಬಂದ ಮನೆಯವರೆಲ್ಲ ಹೋಗುವಾಗ ಬೃಂದಾಳ ಬಗ್ಗೆ ವಿಚಾರಿಸಿದರು. ಬೃಂದಾಳ ಮದುವೆಯಾಯಿತು. ನೀಲಕ್ಕ ಮೈಸೂರಿಗೆ ಹೋಗಿ ಪಾರ್ಲರಿನ ಕೆಲಸ ಕಲಿತು ಬಂದಳು. ಮದುವೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳದು ಒಂದು ಕ್ರಮವಿದೆ. ಯಾರೇ ಬರಲಿ, ಮೊದಲು ಬರೀ ನೀರಿನಲ್ಲಿ ಮುಖ ತೊಳೆಸುತ್ತಾಳೆ. ಆಮೇಲೆ ಕನ್ನಡಿಗೆ ಬೆನ್ನು ಮಾಡಿಸಿ ಕಿಟಕಿಯ ಕಡೆ ಕೂರಿಸುತ್ತಾಳೆ. ಬಸ್ಸಿನ ಧೂಳು, ಅವಸರದಲ್ಲಿ ಬಳಿದುಕೊಂಡ ಪೌಡರು ಎಲ್ಲ ಹೋಗಿ, ಮುಖ ತನ್ನ ಬಣ್ಣಕ್ಕೆ ಬರುವ ತನಕ ಕಾಯುತ್ತಾಳೆ. ಜ್ವರ ನೋಡುವವರ ಹಾಗೆ ಕೈಯ ಹಿಂಬದಿಯಿಂದ ಕೆನ್ನೆ ಮುಟ್ಟುತ್ತಾಳೆ. ಹೊಸ ಕ್ರೀಮಾದರೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ, ಹೋಗಿ ನಾಳೆ ಬಾ ಎನ್ನುತ್ತಾಳೆ. ಕಿವಿ ಹಿಂದೆ ಒಂದು ಬೊಟ್ಟು ಇಡಿಸ್ಕಳಕ್ಕೆ ಎಚ್.ಡಿ. ಕೋಟೆಯಿಂದ ಬಸ್ಸತ್ತಿ ಬಂದ್ನಾ ಎಂದು ಗೊಣಗುವವರಿಗೆ, ಊರಿಗೆ ಹೋಗಿ ಮುಖ ಊದಿದ್ರೆ ಯಾರಿಗೆ ಬೈತೀಯ ಎಂದು ಇವಳೇ ಮೊದಲು ಬೈಯುತ್ತಾಳೆ. ಏನು ಕೊಳ್ಳಬೇಕು ಎಂದು ಕೇಳಿದರೆ ಅವಳ ಉತ್ತರ ಇಷ್ಟೇ: ತೊಳೆಯೋಕೆ ಒಂದು, ಒಣಗದ ಹಾಗೆ ಒಂದು, ಬಿಸಿಲಿಗೆ ಒಂದು, ಮಿಕ್ಕಿದ್ದೆಲ್ಲ ಬರೀ ಡಬ್ಬಿ. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂದು ಬರೆಯದ ಡಬ್ಬಿಯನ್ನು ಯಾರಾದರೂ ತಂದು ತೋರಿಸಿದರೆ ಅವರ ಎದುರಿಗೇ ಕಸದ ಬುಟ್ಟಿಗೆ ಹಾಕುತ್ತಾಳೆ. ಇದರಿಂದ ಜಗಳಗಳಾಗಿವೆ.

ನಮ್ಮ ಕಡೆ ಮುಖದ ಕತೆ ಹೊಗೆಸೊಪ್ಪಿನಿಂದ ಶುರುವಾಗುತ್ತದೆ. ಮಳೆಗಾಲದಲ್ಲಿ ಹಸಿ ಸೊಪ್ಪು ಮುರಿಯುವಾಗ ಅದರ ಅಂಟು ಕೈಗೆ ಮೆತ್ತಿಕೊಂಡು, ಒಣಗಿ, ಕರ್ರಗೆ ತೊಗಲಿನ ಮೇಲೊಂದು ತೊಗಲಾಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಬೆರಳ ಸಂದಿಯಲ್ಲಿ ಉಳಿಯುತ್ತದೆ. ಅಲ್ಲಿ ನವೆ. ತುರಿಸಿ ತುರಿಸಿ ನಿದ್ದೆ ಬಾರದ ಹೆಂಗಸರು ಮೆಡಿಕಲ್ಲಿಗೆ ಹೋಗಿ ಕೈ ತೋರಿಸುತ್ತಾರೆ. ಅಂಗಡಿಯವನು ಒಂದು ಟ್ಯೂಬ್ ಕೊಡುತ್ತಾನೆ. ಚೀಟಿ ಬೇಡ, ಡಾಕ್ಟರು ಬೇಡ. ಹಚ್ಚಿದ ಮೇಲೆ ನವೆ ನಿಲ್ಲುತ್ತದೆ. ಬೇಗ ನಿಲ್ಲುತ್ತದೆ. ಜೊತೆಗೆ ಇನ್ನೊಂದು ಆಗುತ್ತದೆ, ಕೈ ಬೆಳ್ಳಗಾಗುತ್ತದೆ. ಸೊಪ್ಪು ಮುರಿದ ಕೈ, ಸೌದೆ ತುಂಬಿದ ಕೈ, ಆಫೀಸಿನಲ್ಲಿ ಕೂತವರ ಕೈಯ ಹಾಗೆ. ಅದನ್ನು ಕಂಡ ಮಗಳಿಗೆ, ಸೊಸೆಗೆ, ಮುಖಕ್ಕೂ ಹಚ್ಚಿ ನೋಡೋಣ ಅನ್ನಿಸದೆ ಇರುತ್ತದೆಯೇ.

ರೂಪಶ್ರೀಗೆ ಅನ್ನಿಸಿತು.

ಆ ದಿನ ಕಾಲೇಜು ಬೇಗ ಬಿಟ್ಟಿತ್ತು. ಬಿಳಿಕೆರೆಯ ನಮ್ಮ ಮನೆಗೆ ಹೋಗುವ ಮೊದಲು ಹುಬ್ಬು ತೀಡಿಸಿಕೊಳ್ಳೋಣವೆಂದು ನಾನು ಹೋಗಿ ಕೂತಿದ್ದೆ. ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ಮೂವರು ಬಂದರು. ಮುಂದೆ ಚಾಮುಂಡಮ್ಮ, ಚುಂಚನಕಟ್ಟೆಯವರು, ನಾಲೆ ನೀರಿನ ಗದ್ದೆಯ ಮನೆಯವರು. ಮಗ ಯತೀಶನಿಗೆ ಹೆಣ್ಣು ಗೊತ್ತಾಗಿ ಮದುವೆ ಹತ್ತಿರದಲ್ಲಿತ್ತು. ಮಧ್ಯದಲ್ಲಿ ಆ ಹೆಣ್ಣು ರೂಪಶ್ರೀ, ಪಿರಿಯಾಪಟ್ಟಣದ ಆಚೆಯ ಹೊಗೆಸೊಪ್ಪಿನ ಹಳ್ಳಿಯವಳು. ಕೊನೆಗೆ ಅವಳ ತಾಯಿ ಪುಟ್ಟಮಾದಮ್ಮ, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು. ಚಾಮುಂಡಮ್ಮನ ಕೈಯಲ್ಲಿ ಕನ್ನಡಿಯ ಮುಚ್ಚಳದ ಕೆಂಪು ಪೆಟ್ಟಿಗೆ. ಗಂಡಿನ ಕಡೆಯವರು ಸೀರೆಯ ಜೊತೆ ಹೆಣ್ಣಿಗೆ ಕೊಡುವ ಅಲಂಕಾರದ ಪೆಟ್ಟಿಗೆ ಅದು. ಒಳಗಿನ ಡಬ್ಬಿಗಳೆಲ್ಲ ಬೆಳ್ಳಗಿರುವವರಿಗೆ ಹೊಂದುವ ಬಣ್ಣದವು.

ಚಾಮುಂಡಮ್ಮ ಫೋನಿನಲ್ಲಿ ನಿಶ್ಚಿತಾರ್ಥದ ಫೋಟೋ ತೋರಿಸಿದರು. ಅದರಲ್ಲಿ ರೂಪಶ್ರೀ ಹೊಳೆಯುತ್ತಿದ್ದಳು. ಅವತ್ತು ಹಿಂಗಿದ್ಲು, ಈಗ ಹಿಂಗಾಗವ್ಳೆ, ಬ್ಲೀಚ್ ಮಾಡಿ, ಗೋಲ್ಡ್ ಫೇಶಿಯಲ್ ಮಾಡಿ, ಈ ಬಣ್ಣ ವಾಪಸ್ ಬರಬೇಕು ಎಂದರು. ಕೆಟ್ಟುಹೋದ ಮಿಕ್ಸಿಯನ್ನು ರಿಪೇರಿಗೆ ತಂದವರ ಧ್ವನಿಯಲ್ಲಿ.

ನೀಲಕ್ಕ ಮೊದಲು ಹುಡುಗಿಯ ಮುಖ ತೊಳೆಸಿದಳು. ಬರೀ ನೀರು ತಾಗಿದ್ದಕ್ಕೇ ರೂಪಶ್ರೀ ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. ಕಿಟಕಿಯ ಬೆಳಕಿನಲ್ಲಿ ಪೌಡರಿಲ್ಲದ ಮುಖ ಕಾಣಿಸಿತು. ಕೆನ್ನೆಯ ಮೇಲೆ ಕೆಂಪು ದಾರದೆಳೆಗಳ ಹಾಗೆ ನರ, ದವಡೆಯ ಅಂಚಿಗೆ ಹೊಸದಾಗಿ ಮೂಡಿದ ಕೂದಲು, ಗಲ್ಲದ ತುಂಬ ಸಾಸಿವೆಯಂಥ ಗುಳ್ಳೆ. ತೊಗಲು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿತ್ತು. ನೀಲಕ್ಕ ಕೆನ್ನೆ ಮುಟ್ಟಿ, ಒಲೆ ಮುಟ್ಟಿದವಳ ಹಾಗೆ ಕೈ ತೆಗೆದಳು. ಏನು ಹಚ್ತಿದ್ದೀಯ ಎಂದು ಕೇಳಿದಳು. ಏನೂ ಇಲ್ಲ ಎಂದಳು ಹುಡುಗಿ. ನೀಲಕ್ಕ ತಿರುಗಿ ಪುಟ್ಟಮಾದಮ್ಮನ ಸೆರಗಿನೊಳಗಿಂದ ಕೈಯನ್ನು ಹೊರಗೆಳೆದಳು. ಮಣಿಕಟ್ಟಿನ ತನಕ ಕಪ್ಪು, ಅಲ್ಲಿಂದ ಮುಂದಕ್ಕೆ ಬಿಳಿಯ ಗ್ಲೌಸು ಹಾಕಿಕೊಂಡ ಹಾಗೆ.

“ಸೊಪ್ಪಿನ ನವೆಗೆ ಅಂತ ಮೆಡಿಕಲ್ಲಲ್ಲಿ ಕೊಟ್ರು ಕಣವ್ವ,” ಎಂದಳು ಪುಟ್ಟಮಾದಮ್ಮ. “ನಂಗೆ ವಾಸಿಯಾಯ್ತು. ಕೈಗೆ ಒಳ್ಳೇದು ಮಾಡಿದ್ದು ಮುಖಕ್ಕೆ ಕೆಟ್ಟದ್ದು ಮಾಡ್ತದಾ ಅನ್ಕಂಡೆ.”

ನಿಶ್ಚಿತಾರ್ಥಕ್ಕೆ ಮೊದಲೇ ರೂಪಶ್ರೀ ಶುರು ಮಾಡಿದ್ದು. ಎಲ್ಲರೂ ಹೊಗಳಿದರು, ಮುಂದುವರಿಸಿದಳು. ನಡುವೆ ಬಿಟ್ಟರೆ ಮುಖ ಬೆಂಕಿಯಾಗುತ್ತಿತ್ತು, ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು. ಈಗ ಹಚ್ಚಿದರೂ ಉರಿ, ಬಿಟ್ಟರೂ ಉರಿ.

ನೀಲಕ್ಕ ತಾನು ಮುಟ್ಟುವುದಿಲ್ಲ ಎಂದಳು. ಈ ತೊಗಲಿಗೆ ಬ್ಲೀಚ್ ಹಾಕಿದರೆ ಸುಟ್ಟು ಬರುತ್ತದೆ, ಮೈಸೂರಿಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇವತ್ತೇ ಹೋಗಿ ಎಂದಳು. ಡಾಕ್ಟರು ಏನು ಮಾಡುತ್ತಾರೆ ಎಂದು ಚಾಮುಂಡಮ್ಮ ಕೇಳಿದರು. ಟ್ಯೂಬ್ ಬಿಡಿಸುತ್ತಾರೆ, ಬಿಟ್ಟ ಮೇಲೆ ಇನ್ನೂ ಕೆಂಪಾಗುತ್ತದೆ, ಇಳಿಯಲು ತಿಂಗಳುಗಳು ಬೇಕು ಎಂದಳು ಇವಳು.

“ಮದುವೆ ದಿನ?”

“ಮದುವೆ ದಿನಾನೂ ಕೆಂಪಗೇ ಇರ್ತಾಳೆ.”

ಚಾಮುಂಡಮ್ಮ ನೀಲಕ್ಕನನ್ನು ಮೇಲಿಂದ ಕೆಳಗೆ ನೋಡಿದರು. “ಮಸಿ ಕುಡಿಕೆ ಇದ್ದಂಗಿದ್ದೀಯ. ಬಣ್ಣದ ಬೆಲೆ ನಿಂಗೇನ್ ಗೊತ್ತಾಯ್ತದೆ. ಏಳವ್ವ ರೂಪ, ಕೇರ್‌ನಗರದಲ್ಲಿ ಪಾರ್ಲರ್ ಪ್ರಿಯಾ ಅವ್ಳೆ, ಹೇಳಿದ್ದು ಮಾಡ್ತಾಳೆ. ಸಂಜೆ ಒಳಗೆ ಮಾಡಿಸ್ಕಂಡು ಬುಡನ.”

ಮೂವರೂ ಇಳಿದು ಹೋದರು. ನೀಲಕ್ಕ ನನ್ನ ಹುಬ್ಬಿಗೆ ಬಂದಳು. ದಾರವನ್ನು ಹಲ್ಲಿನಲ್ಲಿ ಕಚ್ಚಿದ್ದರಿಂದ ಅವಳು ಮಾತಾಡುವ ಹಾಗಿರಲಿಲ್ಲ, ದಾರವೇ ಮಾತಾಡಿತು. ಒಂದು ಹುಬ್ಬು ಮುಗಿದು ಇನ್ನೊಂದರ ಅರ್ಧಕ್ಕೆ ಬಂದಾಗ ದಾರ ತುಂಡಾಯಿತು. ಅವಳು ಕಿಟಕಿಯಿಂದ ಬಸ್ ನಿಲ್ದಾಣದ ಕಡೆ ನೋಡಿದಳು. ಮರುಕ್ಷಣ ಏಪ್ರನ್ ಕೂಡ ಬಿಚ್ಚದೆ ಮೆಟ್ಟಿಲಿಳಿಯುತ್ತಿದ್ದಳು. ಬಾಗಿಲು ತೆರೆದೇ ಇತ್ತು. ನಾನು ಅದನ್ನೆಳೆದು ಬ್ಯಾಗೆತ್ತಿಕೊಂಡು ಹಿಂದೆ ಓಡಿದೆ.

ಅವರು ಹತ್ತಿದ್ದು ಮೈಸೂರಿನ ಬಸ್ಸು. ಬಿಳಿಕೆರೆಯಲ್ಲಿ ಇಳಿದರೆ ಅಲ್ಲಿಂದ ಕೆ.ಆರ್. ನಗರಕ್ಕೆ ಬೇರೆ ಬಸ್ಸು. ಚಾಮುಂಡಮ್ಮ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಪುಟ್ಟಮಾದಮ್ಮನ ಜೊತೆ ಮುಂದೆ ಕೂತಿದ್ದರು. ರೂಪಶ್ರೀ ಅವರ ಹಿಂದಿನ ಸೀಟಿನಲ್ಲಿ ಒಬ್ಬಳೇ. ನೀಲಕ್ಕ ಹೋಗಿ ಅವಳ ಪಕ್ಕ ಕೂತಳು. ನಾನು ಕಂಬ ಹಿಡಿದು ನಿಂತೆ.

ನೀಲಕ್ಕ, ನಾನು ಡಾಕ್ಟರಲ್ಲ, ನಂಗೆ ಏನೂ ಗೊತ್ತಿಲ್ಲ, ಆದರೆ ಬ್ಲೀಚ್ ಏನು ಮಾಡುತ್ತದೆ ಎಂಬುದು ಗೊತ್ತು ಎಂದು ಶುರು ಮಾಡಿದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಬರುವುದಿಲ್ಲ. ಇಡೀ ಬಸ್ಸಿಗೆ ಕೇಳಿಸುತ್ತಿತ್ತು. ಚಾಮುಂಡಮ್ಮ ಹಿಂದೆ ತಿರುಗಿ, ಟಿಕೆಟ್ ತಗಂಡು ಬೈಯಕ್ಕೆ ಬಂದ್ಯಾ ಎಂದರು. ಬೈಯೋದಕ್ಕೆ ಟಿಕೆಟ್ ಇಲ್ಲ, ಕೂರೋದಕ್ಕೆ ಮಾತ್ರ ಎಂದ ಕಂಡಕ್ಟರ್. ಕೆಲವರು ನಕ್ಕರು. ರೂಪಶ್ರೀ ತಲೆ ತಗ್ಗಿಸಿಕೊಂಡು, ಎಲ್ಲರ ಮುಂದೆ ಮಾನ ತೆಗೀಬೇಡಿ ಅಕ್ಕ ಎಂದಳು. ನೀಲಕ್ಕ ಅವಳ ಕೈಲಿದ್ದ ಪರ್ಸಿನಿಂದ ಆ ಟ್ಯೂಬನ್ನು ತಾನೇ ತೆಗೆದು ಮೇಲೆತ್ತಿ ಹಿಡಿದಳು. ಹಳದಿ ಮುಚ್ಚಳ, ಹಿಂಡಿ ಹಿಂಡಿ ಬಾಲ ಸುರುಟಿಕೊಂಡಿತ್ತು.

ಯಾರ ಹತ್ತಿರ ಇದೆ ಇದು ಎಂದು ಕೇಳಿದಳು.

ಕೆಲವರು ಕತ್ತು ಚಾಚಿ ಟ್ಯೂಬನ್ನು ನೋಡಿದರು. ಆಮೇಲೆ ಹಿಂದಿನ ಸೀಟಿನಿಂದ, ಕೋಟೆ ಕಡೆಯ ಹೆಂಗಸೊಬ್ಬಳು, ಹಳದಿ ಮುಚ್ಳದ್ದಾ, ನಮ್ಮಗನ ಗಜ್ಜಿಗೆ ಹಚ್ತೀನಿ ಎಂದು ಎಲೆಯಡಿಕೆ ಚೀಲದಿಂದ ಒಂದನ್ನು ತೆಗೆದಳು. ಕಾಲೇಜಿನ ಹುಡುಗಿಯೊಬ್ಬಳು ಬ್ಯಾಗಿನ ಜಿಪ್ಪು ಎಳೆದು ನೋಡಿ ಮತ್ತೆ ಮುಚ್ಚಿಬಿಟ್ಟಳು. ಅವಳ ಕೆನ್ನೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಆಸೆಯಿಂದ ನೋಡಿದ್ದೆ. ಇನ್ನೊಬ್ಬಳು ತನ್ನದು ಕೆಂಪು ಮುಚ್ಚಳ, ಅದೂ ಇದೇನಾ ಎಂದು ಕೇಳಿದಳು. ಟ್ಯೂಬುಗಳು ಕೈಯಿಂದ ಕೈಗೆ ಮುಂದಕ್ಕೆ ಬಂದವು. ನಗಿಸಿದ್ದ ಕಂಡಕ್ಟರ್ ತನ್ನ ಕತ್ತಿನ ಪಕ್ಕವನ್ನು ಕರವಸ್ತ್ರದಿಂದ ಮುಚ್ಚಿಕೊಂಡದ್ದನ್ನು ನಾನು ನೋಡಿದೆ.

ರೂಪಶ್ರೀಯ ಆಚೆ ಸೀಟಿನಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡ ಹೆಂಗಸೊಬ್ಬಳಿದ್ದಳು. ಬಿಸಿಲಿಗೆ ಸುತ್ತಿಕೊಂಡಿದ್ದಾಳೆ ಎಂದುಕೊಂಡಿದ್ದೆವು. ಅವಳು ಟವೆಲ್ ಬಿಚ್ಚಿದಳು. ಮುಖದ ತುಂಬ ನರಗಳು, ಗಲ್ಲದಲ್ಲಿ ಗಂಡಸರಿಗೆ ಬರುವಂಥ ಕೂದಲು, ಹಣೆಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆ. ವಯಸ್ಸು ಗೊತ್ತಾಗುತ್ತಿರಲಿಲ್ಲ.

“ನಾನು ಬುಟ್ಟು ಬುಟ್ಟು ಹಚ್ದೆ ಕಣವ್ವ,” ಎಂದಳು ಅವಳು ರೂಪಶ್ರೀಗೆ, ಬೇರೆ ಯಾರೂ ಅಲ್ಲಿಲ್ಲವೆಂಬ ಹಾಗೆ. “ಮದುವೆ ಆಗ್ಲಿ ಬುಡ್ತೀನಿ ಅಂದೆ. ಆಮೇಲೆ ಬಾಣಂತನ ಆಗ್ಲಿ ಅಂದೆ. ಈಗ ಸೊಪ್ಪು ಬೇಯ್ಸೋ ಬ್ಯಾರನ್ ಒಲೆ ಮುಂದೆ ನಿಲ್ಲಕ್ಕಾಗಕ್ಕಿಲ್ಲ. ಅನ್ನದ ಒಲೆ ಮುಂದೂ ನಿಲ್ಲಕ್ಕಾಗಕ್ಕಿಲ್ಲ.”

ಅಷ್ಟು ಹೇಳಿ ಮತ್ತೆ ಟವೆಲ್ ಸುತ್ತಿಕೊಂಡಳು. ಬಸ್ಸು ಬಿಳಿಕೆರೆಗೆ ಬಂದಿತ್ತು.

ಚಾಮುಂಡಮ್ಮ ಪೆಟ್ಟಿಗೆ ಎತ್ತಿಕೊಂಡು ಇಳಿದರು. ಪುಟ್ಟಮಾದಮ್ಮ ಹಿಂದೆಯೇ ಹೊರಟವಳು, ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಗಳ ಕಡೆ ತಿರುಗಿದಳು. ರೂಪಶ್ರೀ ಎದ್ದಿರಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

“ನಾನು ಮೈಸೂರಿಗೆ ಹೋಯ್ತೀನಿ ಅತ್ತೆ,” ಎಂದಳು ಕಿಟಕಿಯಿಂದ.

ಯಾರು ಕರ್ಕಂಡು ಹೋಗ್ತಾರೆ, ಯಾರನ್ನ ಕೇಳಿದೆ, ಮೊದಲು ಇಳಿ ಎಂದರು ಚಾಮುಂಡಮ್ಮ. ಈ ಮುಖ ಇಟ್ಕಂಡು ಹಸೆಮಣೆಗೆ ಬತ್ತೀಯಾ ಎಂದು ಕೇಳಿದರು. ರೂಪಶ್ರೀ ಅಳುತ್ತಿದ್ದಳು, ಕಣ್ಣೀರು ತಾಗಿದ ಕಡೆಯೆಲ್ಲ ಉರಿಯುತ್ತಿದ್ದಿರಬೇಕು, ಅಂಗೈಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಬತ್ತೀನಿ ಎಂದಳು. ಕಂಡಕ್ಟರ್ ಸೀಟಿ ಊದಲಿಲ್ಲ. ಪುಟ್ಟಮಾದಮ್ಮ ಮೆಟ್ಟಿಲ ಮೇಲಿನ ಕಾಲನ್ನು ವಾಪಸ್ ಎಳೆದುಕೊಂಡು ಒಳಗೆ ಹೋಗಿ ಮಗಳ ಸೀಟಿನ ತುದಿಗೆ ಕೂತಳು.

ನಾನು ಇಳಿಯಬೇಕಾದ್ದು ಅಲ್ಲೇ. ಬಸ್ಸು ಹೋದ ಮೇಲೆ ರಸ್ತೆ ಬದಿಯಲ್ಲಿ ನಾನು, ಚಾಮುಂಡಮ್ಮ, ಕೆಂಪು ಪೆಟ್ಟಿಗೆ. ಪೆಟ್ಟಿಗೆಯ ಕನ್ನಡಿಯಲ್ಲಿ ಆಕಾಶ ಅಲ್ಲಾಡುತ್ತಿತ್ತು. ಅವರು ನನ್ನನ್ನು ಗುರುತು ಹಿಡಿದು, ಹುಬ್ಬು ನೋಡಿ, ನಿಂಗೂ ಅರ್ಧಕ್ಕೇ ಬುಟ್ಟವ್ಳಾ ಎಂದರು.

ನೀಲಕ್ಕ ಹೇಳಿದ್ದ ಹಾಗೆಯೇ ಆಯಿತು. ಡಾಕ್ಟರು, ಇದರಲ್ಲಿರೋದು ಸ್ಟೀರಾಯ್ಡ್ ಎಂದು ಟ್ಯೂಬ್ ಬಿಡಿಸಿದರು, ಒಣಗದ ಹಾಗೆ ಒಂದು, ಬಿಸಿಲಿಗೆ ಒಂದು ಬರೆದುಕೊಟ್ಟರು, ತಾಳ್ಮೆಯಿಂದಿರಿ ಎಂದರು. ಮುಖ ಕೆಂಪಾಯಿತು, ಊದಿತು, ಸಿಪ್ಪೆ ಎದ್ದಿತು. ಗಂಡಿನ ಮನೆಯಿಂದ ಮುಂದೂಡುವ ಮಾತು ಬಂತು. ಹೆಣ್ಣಿಗೆ ಚರ್ಮದ ಕಾಯಿಲೆ ಇರುವುದನ್ನು ಮುಚ್ಚಿಟ್ಟಿದ್ದೀರಿ ಎಂಬ ಮಾತೂ ಬಂತು. ರೂಪಶ್ರೀಯ ಅಪ್ಪ ನಂಜುಂಡಸ್ವಾಮಿ ನಿಶ್ಚಿತಾರ್ಥದ ಆ ಫೋಟೋವನ್ನೇ ತೆಗೆದುಕೊಂಡು ಚುಂಚನಕಟ್ಟೆಗೆ ಹೋಗಿ, ನೀವು ಹೊಗಳಿದ ಬಣ್ಣ ಈ ಕಾಯಿಲೆಯದೇ ಎಂದು ಹೇಳಿ ಬಂದರಂತೆ. ಯತೀಶ ಫೋನ್ ಮಾಡಿ, ಮದುವೆ ನಡೀಲಿ, ಫೋಟೋದಲ್ಲಿ ಎಲ್ಲ ಸರಿ ಮಾಡಿಸಬೋದು ಬುಡಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದನ್ನು ಕೇಳಿದ ದಿನ ನೀಲಕ್ಕ ಯಾರಿಗೂ ಹುಬ್ಬು ತೀಡಲಿಲ್ಲ, ಬಂದವರನ್ನೆಲ್ಲ ಬಾಗಿಲಿಂದಲೇ ವಾಪಸ್ ಕಳಿಸಿದಳು.

ಅರಿಶಿನದ ಶಾಸ್ತ್ರದ ದಿನ ಅವಳೇ ಆ ಹಳ್ಳಿಗೆ ಹೋಗಿದ್ದಳು. ನಾನಿರಲಿಲ್ಲ, ಇದು ರೂಪಶ್ರೀ ಆಮೇಲೆ ಹೇಳಿದ್ದು. ಚಪ್ಪರದ ಕೆಳಗೆ ಹಿರಿಯ ಹೆಂಗಸರು ಬಟ್ಟಲಿನಲ್ಲಿ ಎಣ್ಣೆ ಅರಿಶಿನ ಕಲಸಿಕೊಂಡು ಬಂದಾಗ ನೀಲಕ್ಕ ಹಸೆಯ ಮುಂದೆ ಅಡ್ಡ ನಿಂತು, ಕಾಲಿಗೆ ಹಚ್ಚಿ, ಕೈಗೆ ಹಚ್ಚಿ, ಮುಖಕ್ಕೆ ಬೇಡ ಎಂದಳು. ಅದೆಲ್ಲಾದ್ರೂ ಉಂಟಾ, ಕೆನ್ನೆಗೆ ಅರಿಶಿನ ಇಲ್ದೆ ಶಾಸ್ತ್ರ ಹೆಂಗಾಯ್ತದೆ ಎಂದು ಸೋದರತ್ತೆಯೊಬ್ಬರು ರೇಗಿದರು. ಮದುವೆಯ ಮನೆ, ಮಾತು ಬೆಳೆಯುವ ಹಾಗಿತ್ತು.

“ಕೆನ್ನೆಗೇ ಆಗ್ಬೇಕಾ? ನನ್ನ ಕೆನ್ನೆಗೆ ಹಚ್ಚಿ,” ಎಂದಳು ನೀಲಕ್ಕ. “ಇದು ಗಟ್ಟಿ ತೊಗಲು. ಏನೂ ಆಗಕ್ಕಿಲ್ಲ.”

ಪುಟ್ಟಮಾದಮ್ಮ ತನ್ನ ಎರಡು ಬಣ್ಣದ ಕೈಯಿಂದ ಅರಿಶಿನ ತೆಗೆದುಕೊಂಡು ನೀಲಕ್ಕನ ಎರಡೂ ಕೆನ್ನೆಗೆ ಹಚ್ಚಿದಳು. ಸೋದರತ್ತೆಯೂ ಹಚ್ಚಿದರು. ಒಬ್ಬೊಬ್ಬರಾಗಿ ಬಂದರು. ನೀಲಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದಳಂತೆ. ಬೈಯಲಿಲ್ಲವಂತೆ.

ಮದುವೆ ನಡೆಯಿತು. ಹಸೆಮಣೆಯ ಮೇಲೆ ರೂಪಶ್ರೀ ಇಟ್ಟಿಗೆಯ ಬಣ್ಣದ ಮುಖದಲ್ಲಿ, ಪೌಡರಿನ ಒಂದು ಕಣವೂ ಇಲ್ಲದೆ ಕೂತಳು. ಚಾಮುಂಡಮ್ಮ ಫೋಟೋಗೆ ಅವಳಿಂದ ದೂರದ ತುದಿಯಲ್ಲಿ ನಿಂತರು. ನೋಡಿದವರೆಲ್ಲ ಹುಡುಗಿಯ ಧೈರ್ಯ ಮೆಚ್ಚಬೇಕು ಎಂದರು. ಆ ಮಾತು ಕೇಳಿದರೆ ನೀಲಕ್ಕನಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಧೈರ್ಯ ಅಂತೆ, ಮುಖ ಬೆಂದುಹೋಗಿತ್ತು, ಮದುವೆಯ ಊಟ ಮಾಡ್ತಾ ಧೈರ್ಯ ಅಂತಾರೆ. ಅದನ್ನು ಬೇಯಿಸಿದ್ದು ಯಾರು ಅಂತ ಒಬ್ಬರೂ ಕೇಳಲ್ಲ ಎನ್ನುತ್ತಾಳೆ.

ಅವಳು ಕೇಳಿದ್ದಾಳೆ. ಮೆಡಿಕಲ್ಲಿನವನ ಹತ್ತಿರ ಹೋಗಿ ಕೇಳಿದಳು. ಜನ ಕೇಳ್ತಾರೆ ನಾವು ಕೊಡ್ತೀವಿ ಎಂದನಂತೆ. ಟ್ಯೂಬುಗಳನ್ನು ಗಾಜಿನ ಕಪಾಟಿನಿಂದ ತೆಗೆದು ಡ್ರಾಯರಿನೊಳಗೆ ಇಟ್ಟ. ಅಷ್ಟೇ ಆದ ಬದಲಾವಣೆ. ವಾಪಸ್ ಬಂದವಳು ಸ್ಟೂಲು ಹಾಕಿ ಹತ್ತಿ, ಬಾಗಿಲ ಮೇಲಿದ್ದ ಬಿಳಿ ಹುಡುಗಿಯನ್ನು ಮೊಳೆ ಸಮೇತ ಕಿತ್ತಳು.

ರೂಪಶ್ರೀಯ ಮುಖ ಸುಮಾರಾಗಿ ಆರಿದೆ. ಬಿಸಿಲಿಗೆ ಇನ್ನೂ ಕೆಂಪಾಗುತ್ತದೆ, ಕೊಡೆ ಹಿಡಿದೇ ಹೊರಡುತ್ತಾಳೆ. ಕೆನ್ನೆಯ ಕೆಲವು ನರಗಳು ಹೋಗುವುದಿಲ್ಲವಂತೆ. ಆ ಪೆಟ್ಟಿಗೆ ಅತ್ತೆಯ ಬೀರುವಿನ ಮೇಲೆ ಹಾಗೇ ಇದೆ.

ಬೋರ್ಡು ಹಾಕಿದ ಮೇಲೆ ನೀಲಕ್ಕನ ಗಿರಾಕಿಗಳು ಕಡಿಮೆಯಾಗಿದ್ದಾರೆ. ಮೊನ್ನೆ ಹೋದಾಗ ನಾನೊಬ್ಬಳೇ ಇದ್ದೆ. ಹೊರಗೆ ಸೊಪ್ಪಿನ ಕಾಲ, ಕಿಟಕಿಯಿಂದ ಹಸಿ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಬಾಗಿಲ ಹತ್ತಿರ ನಿಂತಿತು. ಬೋರ್ಡು ಓದುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಕೆಳಗಿಳಿಯತೊಡಗಿತು. ನೀಲಕ್ಕನ ಹಲ್ಲಿನಲ್ಲಿ ದಾರವಿತ್ತು, ನನ್ನ ಒಂದು ಹುಬ್ಬು ಮುಗಿದಿತ್ತು. ಅವಳು ದಾರ ಉಗಿದು, ನನ್ನನ್ನು ಹಾಗೇ ಬಿಟ್ಟು, ಬಾಗಿಲು ತೆಗೆದು, ಗೋಡೆ ಹಿಡಿದು ಇಳಿಯುತ್ತಿದ್ದ ಬಿಳಿ ಕೈಯೊಂದನ್ನು ಕಂಡು ಮೆಟ್ಟಿಲಿನ ಕತ್ತಲಿಗೆ ಬಗ್ಗಿದಳು.

“ಏಯ್, ನಿಂತ್ಕ,” ಎಂದಳು. “ಕೈಗೆ ಏನ್ ಹಚ್ತಿದ್ದೀಯವ್ವ ನೀನು?”

ಕೆಳಗೆ ಹೆಜ್ಜೆಯ ಸದ್ದು ನಿಂತಿತು.